ಒಳಗೆ ಬಂದವರೆಲ್ಲ ನೆಂಟರಲ್ಲ

ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಕಾವಲುಗಾರ ಒಳಗೆ ಬಿಟ್ಟ ಮಾತ್ರಕ್ಕೆ ಯಾರೂ ನೇರವಾಗಿ ಲಾಕರ್ ಕೋಣೆಗೆ ನುಗ್ಗಲಾರರು. ಹಣ ಕಟ್ಟುವವರಿಗೆ ಒಂದು ಕಿಟಕಿ, ಸಾಲ ಕೇಳುವವರಿಗೆ ಇನ್ನೊಂದು ಮೇಜು. ಲೆಡ್ಜರ್ ಗುಮಾಸ್ತರ ಸುಪರ್ದಿನಲ್ಲಿ, ತಿಜೋರಿಯ ಕೀಲಿ ಅಧಿಕಾರಿಗಳ ಸುಪರ್ದಿನಲ್ಲಿ. ಅವರವರ ಕೆಲಸಕ್ಕೆ ತಕ್ಕಷ್ಟು ಜಾಗ, ಅವರವರ ಹೊಣೆಗೆ ತಕ್ಕಷ್ಟು ಅಧಿಕಾರ. ಇದನ್ನು ಯಾರೂ ನಮಗೆ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಅದೇ ಬ್ಯಾಂಕು ಕಂಪ್ಯೂಟರಿನ ಪರದೆಯ ಮೇಲೆ ಬಂದಾಗ ಈ ತಿಳಿವಳಿಕೆ ಮಸುಕಾಗುತ್ತದೆ. ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟೆವು, ಬಾಗಿಲು ತೆರೆಯಿತು, ಅಲ್ಲಿಗೆ ಕಾವಲಿನ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನಿಜಕ್ಕೂ ಕಾವಲು ಆರಂಭವಾಗುವುದೇ ಅಲ್ಲಿಂದ. ಬಂದವರು ಯಾರು ಎಂಬುದು ಮೊದಲ ಪ್ರಶ್ನೆ. ಬಂದವರು ಏನೇನನ್ನು ನೋಡಬಹುದು, ಏನನ್ನು ತಿದ್ದಬಹುದು ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಕೇಳುವುದನ್ನೇ ಮರೆತ ಕಾರಣಕ್ಕೆ ಲಕ್ಷಾಂತರ ಜನರ ಗುಟ್ಟು ಬಯಲಾದ ಉದಾಹರಣೆಗಳಿವೆ. ಈ ಎರಡನೆಯ ಪ್ರಶ್ನೆಗೆ ತಂತ್ರಜ್ಞರು ಇಟ್ಟ ಹೆಸರು ‘ಪ್ರವೇಶ ನಿಯಂತ್ರಣ’. ಅದಕ್ಕೆ ಅರವತ್ತು ವರ್ಷಗಳನ್ನು ಮೀರಿದ ಸ್ವಾರಸ್ಯಕರ ಇತಿಹಾಸವಿದೆ.

ಮೊದಲ ಬೀಗ, ಮೊದಲ ಕಳವು

1950ರ ದಶಕದಲ್ಲಿ ಕಂಪ್ಯೂಟರ್ ಎಂದರೆ ಒಂದು ದೊಡ್ಡ ಕೋಣೆಯನ್ನು ತುಂಬುವ ಯಂತ್ರ. ಒಂದು ಸಲಕ್ಕೆ ಒಬ್ಬರ ಕೆಲಸ ಮಾತ್ರ. ಆಗ ಕೋಣೆಯ ಬೀಗವೇ ಸಾಕಾಗುತ್ತಿತ್ತು. ಅಮೆರಿಕದ ಮ್ಯಾಸಚುಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಅವರ ಸಂಗಡಿಗರು 1961ರ ನವೆಂಬರಿನಲ್ಲಿ ಹೊಸತೊಂದು ವ್ಯವಸ್ಥೆಯನ್ನು ಪ್ರದರ್ಶಿಸಿದರು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬೇರೆಬೇರೆ ಟರ್ಮಿನಲ್‌ಗಳಿಂದ ಬಳಸುವ ಈ ವ್ಯವಸ್ಥೆಯ ಹೆಸರು ಸಿಟಿಎಸ್‌ಎಸ್. ಯಂತ್ರ ಒಂದೇ, ಒಡೆಯರು ಹಲವರು. ಒಬ್ಬರ ಕಡತದೊಳಗೆ ಇನ್ನೊಬ್ಬರು ಇಣುಕಬಾರದು. ಒಬ್ಬರಿಗೆ ಗೊತ್ತುಮಾಡಿದ ಸಮಯವನ್ನು ಇನ್ನೊಬ್ಬರು ಕಬಳಿಸಬಾರದು. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದೊಂದು ಪಾಸ್‌ವರ್ಡ್ ಕೊಡಲಾಯಿತು. ಇಂದು ಮನೆಮನೆಯ ಮಾತಾಗಿರುವ ಕಂಪ್ಯೂಟರ್ ಪಾಸ್‌ವರ್ಡಿನ ಮೂಲವನ್ನು ಸಾಮಾನ್ಯವಾಗಿ ಇಲ್ಲಿಗೇ ಒಯ್ದು ಮುಟ್ಟಿಸುತ್ತಾರೆ.

ಬೀಗ ಹುಟ್ಟಿದ ಬೆನ್ನಿಗೇ ಕಳವೂ ಹುಟ್ಟಿತು. ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆಗಳ ಯಂತ್ರ ಸಮಯ ನಿಗದಿಯಾಗಿತ್ತು. ಕೈಗೆತ್ತಿಕೊಂಡ ಕೆಲಸಕ್ಕೆ ಅದು ಎಲ್ಲಿಯೂ ಸಾಲುತ್ತಿರಲಿಲ್ಲ. ಯಾವುದೇ ಕಡತವನ್ನು ಕಾಗದದ ಮೇಲೆ ಮುದ್ರಿಸಿಕೊಡಿ ಎಂದು ರಂಧ್ರಪತ್ರದ ಮೂಲಕ ಕೋರಿಕೆ ಸಲ್ಲಿಸುವ ಅನುಕೂಲ ಅಲ್ಲಿತ್ತು. 1962ರಲ್ಲಿ ಶೆರ್ ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಲು ಕೋರಿಕೆ ಹಾಕಿದರು. ಯಂತ್ರ ಮರುಮಾತಿಲ್ಲದೆ ಮುದ್ರಿಸಿ ಕೊಟ್ಟಿತು. ಸುಮಾರು ಇಪ್ಪತ್ತೈದು ವರ್ಷಗಳ ನಂತರ ಅವರೇ ಈ ಸಂಗತಿಯನ್ನು ಹೊರಗೆಡವಿದರು.

ಇಲ್ಲಿ ಬೀಗ ಮುರಿಯಲಿಲ್ಲ, ಯಾರ ಪಾಸ್‌ವರ್ಡನ್ನೂ ಊಹಿಸಲಿಲ್ಲ. ಟರ್ಮಿನಲ್‌ನ ದಾರಿಗೆ ಕಾವಲಿತ್ತು, ಮುದ್ರಣದ ದಾರಿಗೆ ಇರಲಿಲ್ಲ, ಅಷ್ಟೆ. 1966ರಲ್ಲಿ ಇನ್ನೊಂದು ಎಡವಟ್ಟಾಯಿತು. ಕಡತಗಳನ್ನು ತಿದ್ದುವ ತಂತ್ರಾಂಶದ ದೋಷದಿಂದ ಎರಡು ಕಡತಗಳು ಅದಲುಬದಲಾದವು. ಒಳಗೆ ಬಂದವರಿಗೆ ಅಂದಿನ ಸೂಚನೆಯನ್ನು ತೋರಿಸಬೇಕಾದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್‌ಗಳೂ ಸಾಲುಸಾಲಾಗಿ ಮೂಡತೊಡಗಿದವು! ಮುಂದೆ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಕಾರ್ಬಾಟೊ ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ಅವರು ಮಾತನಾಡಿದ ವಿಷಯವೇ ಸೋಲುವುದು ಖಚಿತವಾದ ವ್ಯವಸ್ಥೆಗಳನ್ನು ಕಟ್ಟುವ ಬಗೆಗಿತ್ತು.

ಪಟ್ಟಿ ಮತ್ತು ಒಂಬತ್ತು ಗುರುತುಗಳು

ಈ ಅನುಭವದ ಪಾಠವನ್ನು ಎಂಐಟಿಯವರು ತಮ್ಮ ಮುಂದಿನ ಯೋಜನೆಗೆ ಒಯ್ದರು. ಬೆಲ್ ಪ್ರಯೋಗಾಲಯ ಹಾಗೂ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜತೆ ಸೇರಿ 1960ರ ದಶಕದ ಮಧ್ಯದಲ್ಲಿ ಕೈಗೆತ್ತಿಕೊಂಡ ಆ ಯೋಜನೆಯ ಹೆಸರು ಮಲ್ಟಿಕ್ಸ್. ಇದರಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಪಟ್ಟಿಯನ್ನು ಅಂಟಿಸಲಾಯಿತು. ಈ ಕಡತವನ್ನು ಯಾರು ಓದಬಹುದು, ಯಾರು ಬರೆಯಬಹುದು, ಯಾರು ಚಾಲನೆ ಮಾಡಬಹುದು ಎಂಬ ವಿವರ ಆ ಪಟ್ಟಿಯಲ್ಲಿ. ಮದುವೆ ಮನೆಯ ಹೆಬ್ಬಾಗಿಲಲ್ಲಿ ಒಂದೇ ಆಹ್ವಾನ ಪಟ್ಟಿ ಇಡುವುದರ ಬದಲು, ಉಗ್ರಾಣಕ್ಕೊಂದು, ಅಡುಗೆಮನೆಗೊಂದು, ಒಡವೆಯ ಕೋಣೆಗೊಂದು ಬೇರೆಬೇರೆ ಪಟ್ಟಿ ಇಟ್ಟ ಹಾಗೆ.

ಬೆಲ್ ಪ್ರಯೋಗಾಲಯ 1969ರಲ್ಲಿ ಮಲ್ಟಿಕ್ಸ್‌ನಿಂದ ಹೊರಬಂತು. ಅಲ್ಲಿಯ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಚಿಕ್ಕ ಯಂತ್ರಗಳಿಗೆ ಒಗ್ಗುವ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟಿದರು. ಉದ್ದನೆಯ ಪಟ್ಟಿ ಇಲ್ಲಿ ಕುಗ್ಗಿ ಒಂಬತ್ತು ಗುರುತುಗಳಾಯಿತು. ಕಡತದ ಒಡೆಯನಿಗೆ ಮೂರು, ಅವನ ಗುಂಪಿಗೆ ಮೂರು, ಉಳಿದವರಿಗೆ ಮೂರು. ಓದು, ಬರೆ, ಚಲಾಯಿಸು ಎಂಬ ಮೂರು ಅನುಮತಿಗಳಲ್ಲಿ ಯಾರಿಗೆ ಯಾವುದು ಉಂಟು, ಯಾವುದು ಇಲ್ಲ ಎಂದು ಈ ಗುರುತುಗಳು ಹೇಳುತ್ತವೆ. ಯುನಿಕ್ಸ್ ಸಂತತಿಯ ವ್ಯವಸ್ಥೆಗಳು ಇಂದಿಗೂ ಈ ಒಂಬತ್ತು ಗುರುತುಗಳನ್ನು ಬಿಟ್ಟಿಲ್ಲ. ‘ಓದುವುದು’ ಮತ್ತು ‘ಬರೆಯುವುದು’ ಬೇರೆಬೇರೆ ಹಕ್ಕುಗಳೆಂಬ ಈ ಸರಳ ವಿವೇಕ ಎಷ್ಟು ಮುಖ್ಯವೆಂಬುದನ್ನು ಮುಂದೆ ನೋಡೋಣ.

1975ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್ಸರ್ ಮತ್ತು ಮೈಕೆಲ್ ಶ್ರೋಡರ್ ಇಂಥ ಅನುಭವಗಳನ್ನೆಲ್ಲ ಸೋಸಿ ಎಂಟು ತತ್ವಗಳನ್ನು ಮುಂದಿಟ್ಟರು. ಅವುಗಳಲ್ಲಿ ಮೂರನ್ನು ಸಾಮಾನ್ಯ ಓದುಗರೂ ನೆನಪಿನಲ್ಲಿ ಇಟ್ಟುಕೊಳ್ಳಬಹುದು. ಒಂದು, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡು, ಹೆಚ್ಚು ಕೊಡಬೇಡ. ಎರಡು, ಸ್ಪಷ್ಟ ಅನುಮತಿ ಇಲ್ಲದ್ದೆಲ್ಲ ನಿಷಿದ್ಧವೆಂದೇ ತಿಳಿ. ಮೂರು, ಒಮ್ಮೆ ಬಾಗಿಲಲ್ಲಿ ತಪಾಸಣೆ ಮಾಡಿದೆನೆಂದು ಸುಮ್ಮನಾಗಬೇಡ, ಪ್ರತಿ ವಸ್ತುವನ್ನು ಮುಟ್ಟುವಾಗಲೂ ಪ್ರತಿ ಸಲವೂ ಅನುಮತಿಯನ್ನು ಪರಿಶೀಲಿಸು. ಐದು ದಶಕ ಕಳೆದರೂ ಈ ಮಾತುಗಳು ಹಳತಾಗಿಲ್ಲ. ಮುಂದೆ ನಡೆದ ಅವಘಡಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದನ್ನು ಮರೆತದ್ದರ ಫಲ.

ತಂದೆಯ ಎಚ್ಚರಿಕೆ, ಮಗನ ಹುಳು

ಗುರುತು ಪತ್ತೆಯ ಮೊದಲ ಪ್ರಶ್ನೆಯಲ್ಲೂ ತೊಡಕುಗಳಿದ್ದವು. 1979ರಲ್ಲಿ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಕುತೂಹಲದ ಎಣಿಕೆಯಿದೆ. ಬಳಕೆದಾರರು ತಾವಾಗಿಯೇ ಆರಿಸಿಕೊಂಡಿದ್ದ 3,289 ಪಾಸ್‌ವರ್ಡ್‌ಗಳನ್ನು ಅವರು ಪರಿಶೀಲಿಸಿದರು. 15 ಮಂದಿ ಒಂದೇ ಒಂದು ಅಕ್ಷರ ಇಟ್ಟುಕೊಂಡಿದ್ದರು. 72 ಮಂದಿಯದು ಎರಡೇ ಅಕ್ಷರ. 492 ಪಾಸ್‌ವರ್ಡ್‌ಗಳು ನಿಘಂಟು, ಹೆಸರುಗಳ ಪಟ್ಟಿ ಮುಂತಾದವುಗಳಲ್ಲಿ ಹಾಗೆಯೇ ಸಿಕ್ಕವು. ಒಟ್ಟಾರೆ ನೂರಕ್ಕೆ 86 ಪಾಸ್‌ವರ್ಡ್‌ಗಳು ಸುಲಭವಾಗಿ ಕೈಗೆ ಸಿಗುವಂಥವು. ಪಾಸ್‌ವರ್ಡನ್ನು ಇದ್ದ ಹಾಗೇ ಬರೆದಿಡದೆ, ಮತ್ತೆ ಮೂಲ ರೂಪಕ್ಕೆ ತಿರುಗಿಸಲಾಗದ ಹಾಗೆ ಅರೆದು ಇಡಬೇಕು, ಅರೆಯುವ ಮುನ್ನ ಒಂದಿಷ್ಟು ಅಡ್ಡಾದಿಡ್ಡಿ ಅಂಕಿಗಳನ್ನು ಬೆರೆಸಬೇಕು ಎಂದು ಅವರು ವಿವರಿಸಿದರು. ಈ ಬೆರಕೆಗೆ ಅವರು ಕೊಟ್ಟ ಹೆಸರು ‘ಸಾಲ್ಟ್’, ಅಂದರೆ ಉಪ್ಪು.

ವಿಧಿಯ ವಿನೋದ ನೋಡಿ. 1988ರ ನವೆಂಬರ್ 2ರಂದು ಅಮೆರಿಕದ ಇಂಟರ್‌ನೆಟ್‌ನಲ್ಲಿ ಒಂದು ‘ಹುಳು’ ಹರಿಯಿತು. ತಾನೇ ತಾನಾಗಿ ಯಂತ್ರದಿಂದ ಯಂತ್ರಕ್ಕೆ ಹಬ್ಬುವ ಈ ತಂತ್ರಾಂಶವನ್ನು ಬರೆದ ವಿದ್ಯಾರ್ಥಿ ಅದೇ ರಾಬರ್ಟ್ ಮಾರಿಸ್ ಅವರ ಮಗ. ಹುಳುವಿನ ಹೊಟ್ಟೆಯಲ್ಲಿ 432 ಪದಗಳ ಪಟ್ಟಿಯಿತ್ತು. ಸಿಕ್ಕಿದ ಪ್ರತಿ ಖಾತೆಯ ಮೇಲೂ ಆ ಪದಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡುವುದು ಅದರ ಉಪಾಯಗಳಲ್ಲಿ ಒಂದು. ಸುಮಾರು 6,000 ಯಂತ್ರಗಳು ಅದಕ್ಕೆ ತುತ್ತಾದವೆಂದು ಆಗ ಅಂದಾಜು ಮಾಡಲಾಯಿತು. ತಂದೆ ಒಂಬತ್ತು ವರ್ಷ ಮೊದಲು ಬೆರಳಿಟ್ಟು ತೋರಿಸಿದ್ದ ದೌರ್ಬಲ್ಯ ಮಗನ ಕೈಯಲ್ಲಿ ಲೋಕಕ್ಕೆಲ್ಲ ತಿಳಿಯಿತು.

ಜಾಲಕ್ಕೆ ಬಾಗಿಲೇ ಇರಲಿಲ್ಲ

ಮರುವರ್ಷ, ಅಂದರೆ 1989ರ ಮಾರ್ಚಿನಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ತಮ್ಮ ಹೊಸ ಕಲ್ಪನೆಯನ್ನು ಮೇಲಧಿಕಾರಿಗಳ ಮುಂದಿಟ್ಟರು. ಅದೇ ಮುಂದೆ ವರ್ಲ್ಡ್ ವೈಡ್ ವೆಬ್ ಆಯಿತು. ವಿಜ್ಞಾನಿಗಳು ತಮ್ಮ ಬರಹಗಳನ್ನು ಪರಸ್ಪರ ಹಂಚಿಕೊಳ್ಳಲಿ ಎಂಬುದು ಅದರ ಉದ್ದೇಶ. ಹಂಚುವುದಕ್ಕೆಂದೇ ಹುಟ್ಟಿದ ವ್ಯವಸ್ಥೆಯಲ್ಲಿ ತಡೆಯುವ ಏರ್ಪಾಡು ಇರುವುದಾದರೂ ಹೇಗೆ? ವಿಳಾಸ ಗೊತ್ತಿದ್ದವರಿಗೆ ಪುಟ ಸಿಗುತ್ತಿತ್ತು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಜ್ಞಾನವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿದ ಮೇಲೆ ಜಾಲತಾಣಗಳ ಸಂಖ್ಯೆ ಹೆಚ್ಚುತ್ತಾ ಹೋಯಿತು. ಎಲ್ಲ ಪುಟಗಳೂ ಎಲ್ಲರಿಗೂ ಅಲ್ಲ ಎಂಬ ಅರಿವೂ ಆಗಲೇ ಬಂತು.

ಸರ್ನ್‌ನಲ್ಲೂ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲೂ ಸರ್ವರ್ ತಂತ್ರಾಂಶಗಳಿಗೆ ಬೀಗ ಜೋಡಿಸುವ ಕೆಲಸ ನಡೆಯಿತು. ಎನ್‌ಸಿಎಸ್‌ಎ ಕಂಡುಕೊಂಡ ಉಪಾಯ ಸರಳ. ಪುಟಗಳಿರುವ ಕೋಶದಲ್ಲಿ ‘ಡಾಟ್ ಎಚ್‌ಟಿಆಕ್ಸೆಸ್’ ಎಂಬ ಹೆಸರಿನ ಪುಟ್ಟ ಕಡತವೊಂದನ್ನು ಇಟ್ಟು, ಇಲ್ಲಿಗೆ ಇಂಥವರಿಗೆ ಮಾತ್ರ ಪ್ರವೇಶ ಎಂದು ಬರೆದರಾಯಿತು. 1995ರಲ್ಲಿ ಬಂದ ಅಪಾಚೆ ಸರ್ವರ್ ಇದನ್ನೇ ಬಳುವಳಿಯಾಗಿ ಪಡೆಯಿತು. 1996ರ ಮೇ ತಿಂಗಳಲ್ಲಿ ಜಾಲದ ಭಾಷೆಯಾದ ಎಚ್‌ಟಿಟಿಪಿಯ ಮೊದಲ ಆವೃತ್ತಿಯನ್ನು ದಾಖಲೆಯಾಗಿ ಪ್ರಕಟಿಸಿದಾಗ ಹೆಸರು-ಪಾಸ್‌ವರ್ಡ್ ಕೇಳುವ ವಿಧಾನವೂ ಅದರಲ್ಲಿ ಸೇರಿತು.

ಆ ದಾಖಲೆಯಲ್ಲಿ ಎರಡು ಸಂಖ್ಯೆಗಳಿವೆ. ಒಂದು 401, ಇನ್ನೊಂದು 403. ‘ನೀನು ಯಾರೆಂದು ತಿಳಿಯಲಿಲ್ಲ, ಮೊದಲು ಗುರುತು ಹೇಳು’ ಎಂಬುದು 401ರ ತಾತ್ಪರ್ಯ. ‘ಕೋರಿಕೆ ಅರ್ಥವಾಯಿತು, ಆದರೆ ಈ ಪುಟ ಕೊಡಲಾಗದು’ ಎಂಬುದು 403ರದು. ಆರಂಭದಲ್ಲಿ ಹೇಳಿದ ಎರಡು ಪ್ರಶ್ನೆಗಳೂ ಇಲ್ಲಿ ಅಂಕಿಯ ರೂಪ ತಾಳಿವೆ. ಆದರೆ 401ಕ್ಕೆ ಇಟ್ಟ ಇಂಗ್ಲಿಷ್ ಹೆಸರು ‘ಅನ್‌ಆಥರೈಸ್ಡ್’, ಅಂದರೆ ಅಧಿಕಾರವಿಲ್ಲದವನು. ಗುರುತಿನ ಪ್ರಶ್ನೆಗೆ ಅಧಿಕಾರದ ಪ್ರಶ್ನೆಯ ಹೆಸರು ಬಿದ್ದುಬಿಟ್ಟಿತು! ಎರಡನ್ನೂ ಕಲಸಿಬಿಡುವ ಅಭ್ಯಾಸ ಎಷ್ಟು ಹಳೆಯದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಮೊದಲ ವಿಧಾನದಲ್ಲಿ ಪಾಸ್‌ವರ್ಡ್ ಪ್ರತಿ ಕೋರಿಕೆಯ ಜತೆಗೂ ತೆಳುವಾದ ಮುಸುಕು ಹಾಕಿಕೊಂಡು ಹೋಗುತ್ತಿತ್ತು. ದಾರಿಯಲ್ಲಿ ಹಿಡಿದವರು ಮುಸುಕು ತೆಗೆಯುವುದು ಕಷ್ಟವೇನಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಬಿಡುಗಡೆ ಮಾಡಿದ ಎಸ್‌ಎಸ್‌ಎಲ್ ಗೂಢಲಿಪಿ ವಿಧಾನ ದಾರಿಯನ್ನು ಭದ್ರಪಡಿಸುವ ಕೆಲಸ ಆರಂಭಿಸಿತು. ಅದೇ ಕಂಪನಿಯ ಲೂ ಮೊಂಟುಲಿ 1994ರಲ್ಲಿ ‘ಕುಕೀ’ಯನ್ನು ರೂಪಿಸಿದ್ದರು. ಹಿಂದೆ ಬ್ಯಾಂಕುಗಳಲ್ಲಿ ಚೆಕ್ ಕೊಟ್ಟವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಕುಕೀ ಅಂಥದೇ ಟೋಕನ್. ಗುರುತು ದೃಢಪಟ್ಟ ಮೇಲೆ ಸರ್ವರ್ ಅದನ್ನು ಕೊಡುತ್ತದೆ. ಮುಂದಿನ ಪ್ರತಿ ಪುಟ ಕೇಳುವಾಗಲೂ ಬ್ರೌಸರ್ ಅದನ್ನು ತೋರಿಸುತ್ತದೆ. ಆದರೆ ಟೋಕನ್ ಹೇಳುವುದು ಬಂದವರು ಯಾರೆಂಬುದನ್ನು ಮಾತ್ರ. ಅವರಿಗೆ ಯಾವ ಲೆಡ್ಜರ್ ತೋರಿಸಬೇಕೆಂದು ತೀರ್ಮಾನಿಸುವ ಹೊಣೆ ಕಿಟಕಿಯ ಹಿಂದೆ ಕುಳಿತವರದೇ.

ಅಧಿಕಾರ ಕುರ್ಚಿಗೆ, ವ್ಯಕ್ತಿಗಲ್ಲ

ಸಾವಿರಾರು ನೌಕರರು, ಲಕ್ಷಾಂತರ ಗ್ರಾಹಕರಿರುವ ಸಂಸ್ಥೆಯಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಪಟ್ಟಿ ಬರೆಯುತ್ತ ಹೋದರೆ ಮುಗಿಯುವ ಮಾತಲ್ಲ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಇದಕ್ಕೊಂದು ಮಾದರಿಯನ್ನು ರೂಪಿಸಿದರು. ಅನುಮತಿಯನ್ನು ವ್ಯಕ್ತಿಗೆ ಕೊಡಬೇಡಿ, ಪಾತ್ರಕ್ಕೆ ಕೊಡಿ. ವ್ಯಕ್ತಿಯನ್ನು ಆ ಪಾತ್ರದಲ್ಲಿ ಕೂರಿಸಿ. ನಮ್ಮ ಸರ್ಕಾರಿ ಕಚೇರಿ ಕಂಡವರಿಗೆ ಇದು ಹೊಸದೇನಲ್ಲ. ತಹಶೀಲ್ದಾರರಿಗೆ ವರ್ಗವಾದರೆ ಸಹಿ ಹಾಕುವ ಅಧಿಕಾರವನ್ನು ಅವರು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗುವುದಿಲ್ಲ, ಅದು ಕುರ್ಚಿಯಲ್ಲೇ ಉಳಿಯುತ್ತದೆ. ಈ ಮಾದರಿ 2004ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು.

ಹೊಸ ಶತಮಾನದ ಆರಂಭದ ಹೊತ್ತಿಗೆ ಪ್ರತಿ ಜಾಲತಾಣವೂ ತನ್ನ ಕಾವಲನ್ನು ತಾನೇ ಬರೆದುಕೊಳ್ಳುವ ಬದಲು ಸಿದ್ಧ ಕಾವಲು ತಂತ್ರಾಂಶಗಳನ್ನು ಬಳಸುವ ಪದ್ಧತಿ ಬೆಳೆಯಿತು. ಜಾವಾ ಭಾಷೆಯಲ್ಲಿ ಕೆಲಸ ಮಾಡುವವರಿಗಾಗಿ ಬೆನ್ ಅಲೆಕ್ಸ್ 2003ರ ಕೊನೆಯಲ್ಲಿ ಆರಂಭಿಸಿದ ‘ಅಸೆಗಿ’ ಅಂಥದೊಂದು. ಅದೇ ಮುಂದೆ ‘ಸ್ಪ್ರಿಂಗ್ ಸೆಕ್ಯುರಿಟಿ’ ಎಂಬ ಹೆಸರಿನಿಂದ ಬಳಕೆಗೆ ಬಂತು.

ಇದರಲ್ಲಿ ಕಾವಲು ಕಟ್ಟುವ ಬಗೆ ಹೇಗೆ? ತಾಣದ ವಿಳಾಸಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದೊಂದು ನಿಯಮ ಬರೆಯಬೇಕು. ಒಂದು ಬ್ಯಾಂಕಿನ ತಾಣವನ್ನೇ ಊಹಿಸಿಕೊಳ್ಳಿ. ಮುಖಪುಟ ಮತ್ತು ಬಡ್ಡಿದರದ ಪುಟ ಎಲ್ಲರಿಗೂ ಮುಕ್ತ ಎಂಬುದು ಮೊದಲ ನಿಯಮ. ಆಡಳಿತ ವಿಭಾಗದ ಪುಟಗಳು ವ್ಯವಸ್ಥಾಪಕರ ಪಾತ್ರದವರಿಗೆ ಮಾತ್ರ ಎಂಬುದು ಎರಡನೆಯದು. ಖಾತೆ ವಿಭಾಗದ ಪುಟಗಳು ಗುರುತು ದೃಢಪಟ್ಟ ಗ್ರಾಹಕರಿಗೆ ಎಂಬುದು ಮೂರನೆಯದು. ಇವು ಯಾವುದಕ್ಕೂ ಸೇರದ ವಿಳಾಸ ಕೇಳಿದರೆ ನಿರಾಕರಿಸು ಎಂಬುದು ಕೊನೆಯದು.

ನೋಡಲು ಸರಳ. ಆದರೆ ತಂತ್ರಾಂಶ ಈ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿಕೆಯಾದ ನಿಯಮವನ್ನೇ ಹಿಡಿದು ಅಲ್ಲಿಗೇ ನಿಲ್ಲುತ್ತದೆ. ಯಾರೋ ಅವಸರದಲ್ಲಿ ‘ಎಲ್ಲ ಪುಟಗಳೂ ಗುರುತು ದೃಢಪಟ್ಟ ಗ್ರಾಹಕರಿಗೆ’ ಎಂಬ ಸಾಲನ್ನು ಮೇಲೆ ಬರೆದರೆಂದು ಇಟ್ಟುಕೊಳ್ಳಿ. ಆಡಳಿತ ವಿಭಾಗದ ನಿಯಮ ಕೆಳಗೆ ಇದ್ದೂ ಇಲ್ಲದಂತೆ. ಅಲ್ಲಿಯವರೆಗೆ ಓದು ತಲುಪುವುದೇ ಇಲ್ಲ. ಯಾವ ಗ್ರಾಹಕರಾದರೂ ವ್ಯವಸ್ಥಾಪಕರ ಕೋಣೆಗೆ ಹೋಗಬಹುದು. ಕೊನೆಯ ‘ನಿರಾಕರಿಸು’ ಎಂಬ ಸಾಲು ಬರೆಯಲು ಮರೆತರಂತೂ ನಾಳೆ ಹೊಸದಾಗಿ ಸೇರಿಸುವ ಪುಟಕ್ಕೆ ಕಾವಲಿನ ಖಾತರಿಯೇ ಇರುವುದಿಲ್ಲ. 1975ರ ತತ್ವ ಹೇಳಿದ್ದು ಇದನ್ನೇ: ಅನುಮತಿ ಇಲ್ಲದ್ದೆಲ್ಲ ನಿಷಿದ್ಧ.

ಇನ್ನೂ ಸೂಕ್ಷ್ಮವಾದ ತೊಡಕುಗಳಿವೆ. ವಿಳಾಸದ ಕೊನೆಗೆ ಒಂದು ಓರೆಗೆರೆ ಹೆಚ್ಚಾಗಿ ಸೇರಿದರೆ ಪುಟ ಕೊಡುವ ತಂತ್ರಾಂಶ ಅದನ್ನು ಹಳೆಯ ವಿಳಾಸವೇ ಎಂದು ತಿಳಿಯಬಹುದು, ಕಾವಲು ತಂತ್ರಾಂಶ ಬೇರೆಯೇ ವಿಳಾಸ ಎಂದು ತಿಳಿಯಬಹುದು. ಇಬ್ಬರ ನಡುವಿನ ಈ ಅಭಿಪ್ರಾಯಭೇದದ ಸಂದಿಯಲ್ಲಿ ಕಳ್ಳ ನುಸುಳುತ್ತಾನೆ. ವಿಳಾಸ ಹೊಂದಿಸುವ ವಿಧಾನದಲ್ಲಿ ಇಂಥ ವ್ಯತ್ಯಾಸವಿರುವುದರ ಬಗ್ಗೆ 2016ರಲ್ಲಿ ಸ್ಪ್ರಿಂಗ್ ತಂತ್ರಾಂಶದವರೇ ಎಚ್ಚರಿಕೆ ಪ್ರಕಟಿಸಬೇಕಾಯಿತು.

ಎರಡು ಬಾಗಿಲಿಗೆ ಬೀಗ, ಮೂರನೆಯದಕ್ಕೆ ಇಲ್ಲ

ಒಂದು ನಿಜ ಸಂಗತಿ ಇದನ್ನು ಇನ್ನಷ್ಟು ಚೆನ್ನಾಗಿ ತಿಳಿಸುತ್ತದೆ. ಜಾಲದಲ್ಲಿ ಪುಟ ಕೇಳುವುದಕ್ಕೆ ಹಲವು ಕ್ರಿಯಾಪದಗಳಿವೆ. ‘ಗೆಟ್’ ಎಂದರೆ ಪುಟ ಕೊಡು. ‘ಪೋಸ್ಟ್’ ಎಂದರೆ ನಾನು ಕಳಿಸಿದ್ದನ್ನು ತೆಗೆದುಕೋ. ‘ಹೆಡ್’ ಎಂದರೆ ಪುಟ ಬೇಡ, ಅದರ ತಲೆಬರಹದ ವಿವರ ಸಾಕು. ಜೆಬಾಸ್ ಎಂಬ ಹೆಸರುವಾಸಿ ಸರ್ವರ್ ತಂತ್ರಾಂಶದ ಆಡಳಿತ ಪುಟಕ್ಕೆ ಬರೆದಿದ್ದ ನಿಯಮದಲ್ಲಿ ಗೆಟ್ ಮತ್ತು ಪೋಸ್ಟ್‌ಗಳನ್ನು ಹೆಸರಿಸಿ ಬೀಗ ಹಾಕಲಾಗಿತ್ತು. ಹೆಸರಿಸದ ಉಳಿದ ಕ್ರಿಯಾಪದಗಳಿಗೆ ತಡೆಯೇ ಇರಲಿಲ್ಲ. ಹೆಡ್ ಎಂದು ಕೇಳಿದವರಿಗೆ ಪುಟ ಕಾಣಿಸುತ್ತಿರಲಿಲ್ಲ, ನಿಜ. ಆದರೆ ಕೇಳಿದ ಕೆಲಸ ಒಳಗೆ ನಡೆದುಹೋಗುತ್ತಿತ್ತು!

2010ರಲ್ಲಿ ಈ ದೋಷ ಬಹಿರಂಗವಾಯಿತು, ಕಂಪನಿ ದುರಸ್ತಿಯನ್ನೂ ಬಿಡುಗಡೆ ಮಾಡಿತು. ಆದರೂ ದುರಸ್ತಿ ಮಾಡಿಕೊಳ್ಳದೆ ಉಳಿದ ಸರ್ವರ್‌ಗಳನ್ನು 2011ರಲ್ಲಿ ಒಂದು ಹುಳು ಹುಡುಕಿಕೊಂಡು ಹೋಗಿ ಹೊಕ್ಕಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯುಂಟು. ಇಲ್ಲಿ ಬಾಗಿಲು ಹಾಕಿಕೊಳ್ಳಿರೆಂದು ವರ್ಷ ಮುಂಚೆ ಡಂಗುರ ಸಾರಿದ್ದರೂ ಕೆಲವರು ಹಾಕಿಕೊಂಡಿರಲಿಲ್ಲ.

ಅಂಕಿ ಬದಲಿಸಿದರೆ ಪಕ್ಕದ ಮನೆ

ವಿಳಾಸಕ್ಕೆ ಬೀಗ ಹಾಕಿದ ಮೇಲೂ ಒಂದು ದೊಡ್ಡ ಪ್ರಶ್ನೆ ಉಳಿಯುತ್ತದೆ. ಖಾತೆ ವಿಭಾಗಕ್ಕೆ ಗ್ರಾಹಕರು ಬರಬಹುದು, ಸರಿ. ಆದರೆ ಬಂದ ಗ್ರಾಹಕ ಯಾರ ಖಾತೆಯನ್ನು ನೋಡುತ್ತಿದ್ದಾನೆ? ತನ್ನದನ್ನೋ, ಪಕ್ಕದವನದನ್ನೋ?

2011ರಲ್ಲಿ ಅಮೆರಿಕದ ಸಿಟಿಗ್ರೂಪ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಗ್ರಾಹಕರ ತಾಣದಲ್ಲಿ ಆದದ್ದು ಇದೇ ಎಂದು ಆಗಿನ ಪತ್ರಿಕಾ ವರದಿಗಳು ತಿಳಿಸಿದವು. ಕಳ್ಳರು ಸರಿಯಾದ ಒಂದು ಖಾತೆಯ ಮೂಲಕವೇ ಒಳಗೆ ಬಂದರು. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ಕಾಣುತ್ತಿದ್ದ ಖಾತೆಯ ಅಂಕಿಗಳನ್ನು ಬದಲಿಸುತ್ತ ಹೋದರು. ಒಂದಾದ ಮೇಲೊಂದು ಪರರ ಖಾತೆ ತೆರೆದುಕೊಂಡಿತು. ಸುಮಾರು 3 ಲಕ್ಷ 60 ಸಾವಿರ ಖಾತೆಗಳ ವಿವರ ಹೊರಹೋಯಿತು. ಸುಮಾರು 3,400 ಖಾತೆಗಳಿಂದ 27 ಲಕ್ಷ ಡಾಲರ್ ನಷ್ಟವಾಯಿತೆಂದು ಬ್ಯಾಂಕೇ ಒಪ್ಪಿಕೊಂಡಿತು.

2019ರ ಮೇ ತಿಂಗಳಲ್ಲಿ ಇನ್ನೂ ದೊಡ್ಡ ಪ್ರಕರಣ ಬೆಳಕಿಗೆ ಬಂತು. ಫಸ್ಟ್ ಅಮೆರಿಕನ್ ಫೈನಾನ್ಶಿಯಲ್ ಎಂಬುದು ಮನೆ, ಜಮೀನುಗಳ ಹಕ್ಕುಪತ್ರಕ್ಕೆ ವಿಮೆ ಕೊಡುವ ಅಮೆರಿಕದ ಕಂಪನಿ. ಅದರ ತಾಣದಲ್ಲಿದ್ದ ಸುಮಾರು 88.5 ಕೋಟಿ ದಾಖಲೆಗಳು ಯಾವ ಪಾಸ್‌ವರ್ಡೂ ಇಲ್ಲದೆ ಸಿಗುತ್ತಿದ್ದವು ಎಂದು ಪತ್ರಕರ್ತ ಬ್ರಯಾನ್ ಕ್ರೆಬ್ಸ್ ವರದಿ ಮಾಡಿದರು. ಬ್ಯಾಂಕ್ ಖಾತೆಯ ಸಂಖ್ಯೆ, ತೆರಿಗೆ ವಿವರ, ಸಾಲದ ಪತ್ರ, ಎಲ್ಲವೂ ಅದರಲ್ಲಿದ್ದವು. ದಾಖಲೆಗಳಿಗೆ ಕೊಟ್ಟಿದ್ದುದು ಅನುಕ್ರಮ ಸಂಖ್ಯೆ. ಒಂದು ದಾಖಲೆಯ ಕೊಂಡಿ ಕೈಯಲ್ಲಿದ್ದವರು ಅಂಕಿಯನ್ನು ಹೆಚ್ಚುಕಡಿಮೆ ಮಾಡಿದರೆ ಸಾಕು, ಮತ್ತೊಬ್ಬರ ದಾಖಲೆ ಕೈಗೆ. ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವಾ ಇಲಾಖೆಯ ಜತೆಗಿನ ಮೊಕದ್ದಮೆ 2023ರಲ್ಲಿ ಇತ್ಯರ್ಥವಾದಾಗ ಕಂಪನಿ 10 ಲಕ್ಷ ಡಾಲರ್ ದಂಡ ತೆರಬೇಕಾಯಿತು.

ಎರಡೂ ಪ್ರಕರಣಗಳಲ್ಲಿ ಬೇಕಾಗಿದ್ದುದು ಮಹಾ ಜಾಣತನವಲ್ಲ, ಅಂಕಿ ತಿದ್ದುವಷ್ಟು ತಾಳ್ಮೆ. ಜಾಲತಾಣಗಳ ಸುರಕ್ಷತೆಗಾಗಿ ದುಡಿಯುವ ಓವಾಸ್ಪ್ ಸಂಘಟನೆ ಅತಿ ಗಂಭೀರ ಹತ್ತು ದೋಷಗಳ ಪಟ್ಟಿಯನ್ನು ಕಾಲಕಾಲಕ್ಕೆ ಹೊರತರುತ್ತದೆ. 2017ರಲ್ಲಿ ಐದನೆಯ ಸ್ಥಾನದಲ್ಲಿದ್ದ ‘ಮುರಿದುಬಿದ್ದ ಪ್ರವೇಶ ನಿಯಂತ್ರಣ’ 2021ರ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗೂಢಲಿಪಿಗಳು ಗಟ್ಟಿಯಾದವು, ಪಾಸ್‌ವರ್ಡ್ ಜತೆಗೆ ಮೊಬೈಲಿಗೆ ಬರುವ ಒಂದು ಸಲದ ಸಂಖ್ಯೆಯೂ ಸೇರಿತು. ಮೊದಲ ಪ್ರಶ್ನೆಗೆ ಉತ್ತರ ಬಲವಾದಂತೆಲ್ಲ ಎರಡನೆಯದರ ಬಡತನ ಎದ್ದು ಕಾಣತೊಡಗಿತು. ಇದಕ್ಕೆ ಕಾರಣವೂ ಇದೆ. ಪಾಸ್‌ವರ್ಡ್ ಪರಿಶೀಲನೆಯನ್ನು ಸಿದ್ಧ ತಂತ್ರಾಂಶ ಮಾಡಿಕೊಡಬಲ್ಲದು. ಆದರೆ ಈ ದಾಖಲೆ ಯಾರದು ಎಂಬುದು ಆ ಸಂಸ್ಥೆಗೆ ಮಾತ್ರ ಗೊತ್ತಿರುವ ಸಂಗತಿ. ಅದನ್ನು ಪ್ರತಿ ಪುಟದಲ್ಲೂ ಪ್ರತಿ ಸಲವೂ ಕೇಳುವಂತೆ ಬರೆಯಬೇಕಾದವರು ಅಲ್ಲಿಯವರೇ. ಒಂದು ಪುಟದಲ್ಲಿ ಮರೆತರೂ ಸಾಕು.

ಪಹಣಿಗೆ ಬೆರಳ ಗುರುತು

ಕರ್ನಾಟಕಕ್ಕೂ ಈ ಕತೆಯಲ್ಲಿ ಒಂದು ಗೌರವದ ಸ್ಥಾನವಿದೆ. ಪಹಣಿ ದಾಖಲೆ ಹಳ್ಳಿಯ ಮಟ್ಟದಲ್ಲಿ ಕೈಬರಹದ ಪುಸ್ತಕದಲ್ಲಿದ್ದ ಕಾಲದಲ್ಲಿ ಅದನ್ನು ನೋಡುವುದೂ ತಿದ್ದುವುದೂ ಬಹುಮಟ್ಟಿಗೆ ಗ್ರಾಮ ಲೆಕ್ಕಿಗರ ಮರ್ಜಿಯ ವಿಷಯವಾಗಿತ್ತು. ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬಿತು. 2000-01ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಶುಲ್ಕ ಕೊಟ್ಟು ಪಹಣಿಯ ಪ್ರತಿ ಪಡೆಯುವ ವ್ಯವಸ್ಥೆ ಬಂತು.

ಆದರೆ ಈ ಯೋಜನೆಯ ಗಟ್ಟಿತನವಿರುವುದು ಮುದ್ರಿಸಿ ಕೊಡುವುದರಲ್ಲಿ ಮಾತ್ರವಲ್ಲ. ದಾಖಲೆಯಲ್ಲಿ ಕೈಯಾಡಿಸುವ ನೌಕರರಿಗೆ ಪಾಸ್‌ವರ್ಡ್ ಒಂದನ್ನೇ ನೆಚ್ಚದೆ ಬೆರಳ ಗುರುತಿನ ಪರಿಶೀಲನೆಯನ್ನು ಅಲ್ಲಿ ಅಳವಡಿಸಲಾಯಿತು. ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿಬಿಡಬಹುದು, ಬೆರಳನ್ನು ಕೊಡಲಾಗದು. ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಯೂ ಒಳಗೇ ಉಳಿಯುತ್ತಿತ್ತು. ‘ನಾನು ಮಾಡಲಿಲ್ಲ’ ಎನ್ನುವುದು ಕಷ್ಟವಾಯಿತು. ಓದುವ ಹಕ್ಕನ್ನು ಎಲ್ಲರಿಗೂ ಹಿಗ್ಗಿಸಿ, ಬರೆಯುವ ಹಕ್ಕನ್ನು ಕೆಲವರಿಗೆ ಕುಗ್ಗಿಸಿದ್ದು ಇಲ್ಲಿಯ ವಿವೇಕ. ಯುನಿಕ್ಸ್‌ನ ಒಂಬತ್ತು ಗುರುತುಗಳಲ್ಲಿದ್ದ ತತ್ವವೇ ರೈತನ ಹೊಲದ ಕಾವಲಿಗೂ ಬಂತು.

ಇದಕ್ಕೆ ವ್ಯತಿರಿಕ್ತವಾದ ಪಾಠ 2017ರಲ್ಲಿ ಸಿಕ್ಕಿತು. ಕೇಂದ್ರ ಮತ್ತು ರಾಜ್ಯಗಳ ಸುಮಾರು 210 ಸರ್ಕಾರಿ ಜಾಲತಾಣಗಳು ಫಲಾನುಭವಿಗಳ ಹೆಸರು, ವಿಳಾಸಗಳ ಜತೆಗೆ ಆಧಾರ್ ಸಂಖ್ಯೆಯನ್ನೂ ಬಹಿರಂಗವಾಗಿ ಪ್ರಕಟಿಸಿದ್ದವೆಂದು ಮಾಹಿತಿ ಹಕ್ಕಿನ ಅರ್ಜಿಗೆ ವಿಶಿಷ್ಟ ಗುರುತು ಪ್ರಾಧಿಕಾರ ಉತ್ತರಿಸಿತು. ಅವುಗಳನ್ನು ತೆಗೆಸಲಾಗಿದೆ ಎಂದೂ ತಿಳಿಸಿತು. ಇಲ್ಲಿ ಕಳ್ಳರಿರಲಿಲ್ಲ, ಕನ್ನವಿರಲಿಲ್ಲ. ಸರ್ಕಾರದ ಹಣ ಯಾರಿಗೆ ಸಲ್ಲುತ್ತಿದೆ ಎಂಬುದು ಜನರಿಗೆ ತಿಳಿಯಬೇಕು, ಅದು ಸರಿ. ಆದರೆ ಅದಕ್ಕೆ ಹೆಸರು ಸಾಕಿತ್ತು, ಸಂಖ್ಯೆ ಬೇಕಿರಲಿಲ್ಲ. ಯಾವುದನ್ನು ತೆರೆದಿಡಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ಯಾರೂ ಕುಳಿತು ವಿಂಗಡಿಸದಿದ್ದರೆ ಯಂತ್ರ ತಾನಾಗಿ ವಿಂಗಡಿಸದು.

ಕಾನೂನೂ ನಿಧಾನವಾಗಿ ಈ ಕಡೆಗೆ ತಿರುಗಿದೆ. ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಪ್ರವೇಶಿಸುವವರನ್ನು ಹೊಣೆಗಾರರನ್ನಾಗಿ ಮಾಡಿದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ. ಅದರ ಕಣ್ಣು ಮುಖ್ಯವಾಗಿ ನುಗ್ಗುವವರ ಮೇಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಾಗಿಲು ಕಾಯಬೇಕಾದವರ ಮೇಲೂ ಕಣ್ಣಿಟ್ಟಿದೆ. ಜನರ ವಿವರಗಳನ್ನು ಇಟ್ಟುಕೊಂಡ ಸಂಸ್ಥೆ ತಕ್ಕ ರಕ್ಷಣೆ ಒದಗಿಸದೆ ಸೋರಿಕೆಯಾದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಬೀಗ ಎಷ್ಟೇ ಗಟ್ಟಿಯಾಗಿರಲಿ, ಕೀಲಿಕೈ ಯಾರ ಕೈಯಲ್ಲಿರಬೇಕೆಂಬುದನ್ನು ಬೀಗ ತೀರ್ಮಾನಿಸುವುದಿಲ್ಲ. ಅದು ಮನೆಯ ಯಜಮಾನರು ಕುಳಿತು ಮಾಡಬೇಕಾದ ತೀರ್ಮಾನ. ಜಾಲತಾಣಗಳ ವಿಷಯದಲ್ಲಿ ಕೀಲಿಕೈ ಹಂಚುವವರು ಕಂಪನಿಗಳು, ಬ್ಯಾಂಕುಗಳು, ಇಲಾಖೆಗಳು. ಒಳಗೆ ಇರುವ ವಿವರಗಳು ಮಾತ್ರ ನಮ್ಮ ನಿಮ್ಮವು. ನನ್ನ ದಾಖಲೆಯನ್ನು ಯಾರು ಯಾರು ನೋಡಬಲ್ಲರು, ಯಾರು ತಿದ್ದಬಲ್ಲರು, ತಿದ್ದಿದವರ ಹೆಸರು ಎಲ್ಲಿ ಬರೆದಿಟ್ಟಿದೆ ಎಂದು ಕೇಳುವುದಕ್ಕೆ ಕಂಪ್ಯೂಟರ್ ಪದವಿ ಬೇಕಿಲ್ಲ. ಬ್ಯಾಂಕಿನ ಕಿಟಕಿಯ ಮುಂದೆ ಸರದಿಯಲ್ಲಿ ನಿಂತ ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆ ಅದು.